ನನ್ನ ಅಡುಗೆಮನೆಯಲ್ಲಿ ನಿಂತುಹೋದ ಫಿರ್ಯಾದಿಗಳು

ನನ್ನ ತಂಗಿಯ ಮಗಳು ಕಲಬುರಗಿಯಲ್ಲಿ ಎಂ.ಎ. ಓದುತ್ತಾಳೆ. ಶಹಾಬಾದಿನ ನಮ್ಮ ಮನೆಯಲ್ಲೇ ಇದ್ದು ದಿನಾ ರೈಲಿಗೆ ಹೋಗಿ ಬರುತ್ತಾಳೆ. ಹೋದ ವರ್ಷ ಅವಳ ಮೇಡಂ ಒಂದು ಕೆಲಸ ಕೊಟ್ಟಿದ್ದರು. ದೇಶದಲ್ಲಿ ಪೊಲೀಸರು ಬರೆದುಕೊಂಡ ಅಪರಾಧಗಳು ವರ್ಷದಿಂದ ವರ್ಷಕ್ಕೆ ಏರಿವೆಯೋ ಇಳಿದಿವೆಯೋ ನೋಡಬೇಕು, ಅದರ ಪಕ್ಕದಲ್ಲಿ ನಮ್ಮ ಕಡೆಯ ಒಂದೆರಡು ಠಾಣೆಗಳ ಲೆಕ್ಕ ಇಟ್ಟು ಹೋಲಿಸಿ ಬರೆಯಬೇಕು. ನಮ್ಮ ಯಜಮಾನರು ಪೊಲೀಸ್ ಇಲಾಖೆಯಲ್ಲಿ ರೈಟರ್ ಆಗಿ ನಿವೃತ್ತರಾದವರು. ಮನೆಯಲ್ಲೇ ತಿಳಿದವರು ಇದ್ದಾರೆಂದು ಹುಡುಗಿಗೆ ಭಾಳ ಖುಷಿಯಾಗಿತ್ತು.

ಅದೊಂದು ಭಾನುವಾರ. ನಾನು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದೆ. ಅವಳು ನೆಲದ ಮೇಲೆ ಗ್ರಾಫ್ ಹಾಳೆಗಳನ್ನು ಹರಡಿ ಕೂತಿದ್ದಳು. ಯಜಮಾನರು ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು.

"ದೊಡ್ಡಪ್ಪ, ಇಲ್ಲಿ ಜರಾ ನೋಡ್ರಿ. ದೇಶದ ಗೆರಿ ಹಿಂಗ ಮ್ಯಾಲ ಹೊಂಟದ. ಈ ಠಾಣಾದ್ದು ನಡುವ ನಾಕೈದು ವರ್ಷ ಕೆಳಗ ಇಳ್ದದ. ಆಮ್ಯಾಲ ಒಮ್ಮಿಗೇ ಜಿಗದದ. ಯಾಕ್ರಿ?"

"ಆ ವರ್ಷ ಅಲ್ಲಿ ನಾ ಇದ್ದೆ. ಅದಕ್ಕ ಇಳ್ದದ. ನಾ ಹೋದೆ, ಮಂದಿಗಿ ಅಂಜಿಕಿ ಹೋಯ್ತು, ಏರ್ತು. ಬರಕೋ."

"ಹಂಗಂತ ಬರದ್ರ ನಮ್ಮ ಮೇಡಂ ನನಗ ಮನಿಗಿ ಕಳಸ್ತಾರ."

"ಯಾಕ? ನಿಮ್ಮ ಮೇಡಂ ಏನ್ ಡ್ಯೂಟಿ ಮಾಡ್ಯಾರ?"

"ಅಲ್ರಿ ದೊಡ್ಡಪ್ಪ. ಗಾಡಿ ಕಳವು ಇಳ್ದಿಲ್ಲ, ಖೂನಿ ಇಳ್ದಿಲ್ಲ, ಮನಿ ಕಳವು ಇಳ್ದಿಲ್ಲ. ಗಂಡ ಹೊಡ್ದಾನ ಅಂತ ಹೆಂಗಸರು ಕೊಡೋ ಫಿರ್ಯಾದಿ ಮಾತ್ರ ಇಳ್ದಾವ. ನಿಮಗ ಅಂಜಿ ಗಂಡಂದಿರು ಹೊಡ್ಯೋದು ಬಿಟ್ರು ಅನ್ರಿ. ಗಾಡಿ ಕದಿಯೋರು ಯಾಕ ಅಂಜಲಿಲ್ಲ?"

ಯಜಮಾನರು ನಕ್ಕರು. "ನೀ ವಕೀಲಕಿ ಓದ್ಬೇಕಿತ್ತು," ಎಂದು ಪೇಪರನ್ನು ಮುಖಕ್ಕೆ ಹಿಡಿದರು.

ಅವಳು ನನ್ನ ಕಡೆ ತಿರುಗಿದಳು. ಮನೆಯಲ್ಲಿ ಅವಳ ಪಾಠ ಕೇಳುವವಳು ನಾನೊಬ್ಬಳೇ. "ದೊಡ್ಡವ್ವ, ಈ ಗೆರಿ ಅಪರಾಧದ್ದಲ್ಲ. ಬರಕೊಂಡಿದ್ದರದ್ದು. ಹೆಣ ಮುಚ್ಚಿಡ್ಲಿಕ್ಕಿ ಬರಲ್ಲ, ಅದಕ್ಕ ಖೂನಿ ಲೆಕ್ಕ ಹೆಚ್ಚುಕಮ್ಮಿ ಖರೆ ಇರ್ತದ. ಗಾಡಿ ಹೋದ್ರ ಇನ್ಶೂರೆನ್ಸಿಗಿ ಕಾಗದ ಬೇಕು, ಹೋಗಿ ಬರಸೇ ಬರಸ್ತಾರ. ಮನ್ಯಾಗ ಹೊಡ್ತ ತಿಂದಾಕಿ ಹಂಗಲ್ಲ. ಆಕಿ ಹೊಸ್ತಿಲ ದಾಟಬೇಕು, ಠಾಣಾ ತನಕ ಬರಬೇಕು, ಒಳಗ ಹೋಗಬೇಕು, ಇವರು ಬರಕೋಬೇಕು. ನಡುವ ಎಲ್ಲಿ ನಿಂತ್ರೂ ಇಲ್ಲಿ ಚುಕ್ಕಿ ಬೀಳಲ್ಲ. ಗೆರಿ ಇಳ್ದದ ಅಂದ್ರ ಛಲೋ ಆಗ್ಯದ ಅಂತ ತಿಳೀಬಾರದು. ಏರ್ಯದ ಅಂದ್ರ ಊರು ಕೆಟ್ಟದ ಅಂತೂ ಅಲ್ಲ. ಹೆಂಗಸರು ಬರ್ಲಿಕತ್ತಾರ, ಇವರು ಬರಕೊಳ್ಳಿಕತ್ತಾರ ಅಂತನೂ ಇರ್ಬಹುದು."

"ಹಂಗಾದ್ರ ಆ ನಾಕೈದು ವರ್ಷ?"

"ಯಾರೋ ನಡುವ ನಿಲ್ಲಸ್ಯಾರ. ಯಾರು ಅನ್ನೋದೇ ನನಗ ಸಿಗವಲ್ದು."

ಯಾರು ಎನ್ನುವುದು ನನಗೆ ಗೊತ್ತಿತ್ತು.

ಯಜಮಾನರು ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಂದು ಈ ಸುತ್ತಲೇ ನೌಕರಿ ಮಾಡಿದವರು. ನಾನು ಯಾವ ಊರಿನ ಮಾತು ಹೇಳುತ್ತಿದ್ದೇನೆ ಎಂದು ಬರೆಯುವುದಿಲ್ಲ. ಮುಂದೆ ಹೇಳಲಿರುವ ಹೊಲಿಗೆಯ ಹೆಣ್ಣುಮಗಳು ಇಂದಿಗೂ ಅಲ್ಲೇ, ಅದೇ ಓಣಿಯಲ್ಲಿದ್ದಾಳೆ.

ಠಾಣೆಯ ರೈಟರ್ ಅಂದರೆ ಬರವಣಿಗೆಯ ಹವಾಲ್ದಾರ. ದೂರು ಕೇಳಿ ಪುಸ್ತಕಕ್ಕೆ ಏರಿಸುವುದು, ಅದಕ್ಕೆ ನಂಬರು ಹಾಕುವುದು, ತಿಂಗಳ ಲೆಕ್ಕ ಮಾಡಿ ಮೇಲೆ ಕಳಿಸುವುದು ಅವರ ಕೆಲಸ. ನಂಬರು ಬೀಳದ ದೂರು ಯಾವ ಲೆಕ್ಕಕ್ಕೂ ಬರುವುದಿಲ್ಲ. ತಿಂಗಳಿಗೊಮ್ಮೆ ದೊಡ್ಡ ಸಾಹೇಬರ ಮುಂದೆ ಮೀಟಿಂಗ್ ಆಗುತ್ತಿತ್ತು. ಹಿಂದಿನ ತಿಂಗಳಿಗಿಂತ ಕೇಸು ಏರಿದ್ದರೆ ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಿದ್ದರಂತೆ. ಏನು ಕಾರಣಕ್ಕೆ ಏರಿತು ಎಂದು ಯಾರೂ ಕೇಳುತ್ತಿರಲಿಲ್ಲ. ಬೈಸಿಕೊಂಡ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಇವರಿಗೆ ಬೈಯುತ್ತಿದ್ದರು. ಇವರು ಮನೆಗೆ ಬಂದು ಯಾರಿಗೂ ಬೈಯುತ್ತಿರಲಿಲ್ಲ, ಆದರೆ ಉಣ್ಣುತ್ತಿರಲಿಲ್ಲ. ಒಂದೂವರೆ ರೊಟ್ಟಿಗೆ ಕೈ ತೊಳೆಯುತ್ತಿದ್ದರು. ಉಣ್ಣದ ಗಂಡನನ್ನು ನೋಡುವುದು ನನಗೆ ದೊಡ್ಡ ಸಂಕಟ.

ನಮ್ಮ ಕ್ವಾರ್ಟರ್ಸು ಠಾಣೆಯ ಹಿಂದೆಯೇ ಇತ್ತು. ಅಡುಗೆಮನೆ ಬಾಗಿಲಿಂದ ಠಾಣೆಯ ಕಟ್ಟೆಗೆ ಮೂವತ್ತು ಹೆಜ್ಜೆ. ಒಂದು ಮಧ್ಯಾಹ್ನ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ತಲೆಗೆ ಪೆಟ್ಟಾಗಿ ಅಳುತ್ತ ಬಂದಳು. ಠಾಣೆ ತುಂಬ ಗಂಡಸರು ಇದ್ದುದನ್ನು ನೋಡಿ ಅಂಜಿ ನಮ್ಮ ಬಾಗಿಲಿಗೆ ಬಂದು ಕುಂತಳು. ನೀರು ಕೊಟ್ಟೆ, ಚಹಾ ಕೊಟ್ಟೆ, ಮಾತಾಡಿದೆ. ಅವಳ ಗಂಡನನ್ನು ಕರೆಸಿದೆ. ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದು ಅವನ ಮುಂದೆ ಹಿಡಿದು, "ಇದನ್ನ ಮುಟ್ಟಿ ಹೇಳು, ಇನ್ನ ಕೈ ಎತ್ತಲ್ಲ ಅಂತ," ಎಂದೆ. ಅವನು ಮುಟ್ಟಿದ. ಅಳುತ್ತ ಮುಟ್ಟಿದ. ಇಬ್ಬರ ಹಣೆಗೂ ಹಚ್ಚಿದೆ. ಅವನು ಮುಂದೆ, ಅವಳು ಹಿಂದೆ, ಮನೆಗೆ ಹೋದರು. ನನಗೆ ಕಣ್ಣು ತುಂಬಿ ಬಂತು.

ಆ ಮೇಲೆ ಅದೇ ರೂಢಿಯಾಯಿತು. ಠಾಣೆಯ ಬಾಗಿಲಲ್ಲಿ ನಿಂತ ಪೇದೆಗಳೇ ಹೇಳಿ ಕಳಿಸುತ್ತಿದ್ದರು. "ಮೊದಲ ಅಕ್ಕಾವ್ರ ಕಡಿ ಹೋಗವ್ವ, ಚಹಾ ಕುಡ್ದು ಬಾ. ಆಮ್ಯಾಲ ಬರಸೋಣಂತ." ಚಹಾ ಕುಡಿದ ಮೇಲೆ ಯಾರೂ ವಾಪಸ್ ಠಾಣೆಗೆ ಹೋಗುತ್ತಿರಲಿಲ್ಲ. ಪೇದೆಗಳು ನನಗೆ "ಚಹಾ ಕೋರ್ಟು" ಎಂದು ಹೆಸರಿಟ್ಟಿದ್ದರು. ಯಜಮಾನರು ಅದನ್ನು ನನ್ನ ಮುಂದೆ ಹೇಳಿ ನಗುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ದಿನಾ ಮುಂಜಾನೆ ಲಿಂಗಪೂಜೆ ಮುಗಿದ ಮೇಲೆ ಬೆರಳ ಗೆಣ್ಣು ಎಣಿಸುತ್ತ ಶಿವನ ಉಪಕಾರಗಳನ್ನು ನೆನೆಯುವವಳು. ನಳಕ್ಕೆ ನೀರು ಬಂತು, ಒಂದು ಉಪಕಾರ. ಜೋಳಕ್ಕೆ ಹುಳ ಬಿದ್ದಿಲ್ಲ, ಇನ್ನೊಂದು. ಹೀಗೆ ಸಣ್ಣ ಸಣ್ಣವು. ಆ ವರ್ಷಗಳಲ್ಲಿ ಅದರ ಜೊತೆ ಇದನ್ನೂ ಎಣಿಸುತ್ತಿದ್ದೆ: ನಿನ್ನೆ ಒಂದು ಮನೆ ಒಡೆಯದೆ ಉಳಿಯಿತು. ಮನೆ ಉಳಿಯಿತು ಎಂದು ಎಣಿಸಿದೆ. ಮನೆಯ ಒಳಗೆ ಹೋದವಳು ಏನಾದಳೆಂದು ನೋಡಲು ಒಮ್ಮೆಯೂ ಹೋಗಲಿಲ್ಲ.

ನಾನು ಮೊದಲೇ ಹೇಳಿದ ಆ ಹೆಣ್ಣುಮಗಳು ನನ್ನ ಜಂಪರ್, ಕುಪ್ಪಸ ಹೊಲಿಯುತ್ತಿದ್ದಾಕೆ. ಕ್ವಾರ್ಟರ್ಸಿನ ಹಿಂದಿನ ಓಣಿಯವಳು. ಗಂಡ ಲಾರಿ ಓಡಿಸುತ್ತಿದ್ದ. ಮಾತಾಡಿದರೆ ನಗಿಸುವ ಹುಡುಗಿ. "ಅಕ್ಕಾರ, ನಿಮ್ಮ ತೋಳು ಹೋದ ವರ್ಷದ ಅಳತಿಗಿ ಬರಲ್ರಿ, ರೈಟರ್ ಸಾಹೇಬ್ರ ರೊಟ್ಟಿ ನೀವೇ ಉಣ್ಲಿಕತ್ತೀರೇನು?" ಅನ್ನುವವಳು.

ಒಂದು ದಿನ ತುಟಿ ಬಾತುಕೊಂಡು ಬಂದಳು.

"ಏನಾಯ್ತು ತಂಗಿ?"

"ಏನಿಲ್ರಿ. ಸಾಹೇಬ್ರಿಗಿ ಭೇಟಿ ಆಗ್ಬೇಕಿತ್ತು."

"ಅವರು ಬಂದೋಬಸ್ತಿಗಿ ಹೋಗ್ಯಾರ. ನನ್ನ ಮುಂದ ಹೇಳು."

ಅವರು ಬಂದೋಬಸ್ತಿಗೆ ಹೋಗಿರಲಿಲ್ಲ. ಮೂವತ್ತು ಹೆಜ್ಜೆ ಆಚೆ ಟೇಬಲ್ಲಿನ ಮುಂದೆ ಕೂತಿದ್ದರು. ಪೂಜೆ ಮಾಡಿದ ಬಾಯಿಂದ ಆ ಸುಳ್ಳು ಎಷ್ಟು ಸಲೀಸಾಗಿ ಬಂತು. ಅವಳ ಗಂಡನನ್ನು ಕರೆಸಿ ವಿಭೂತಿ ಮುಟ್ಟಿಸಿದೆ. ನಯವಾದ ಮನುಷ್ಯ. ನನ್ನ ಕಾಲು ಮುಟ್ಟಿ ಹೋದ.

ಎರಡನೆಯ ಸಲ ಬಂದಾಗ ಮಣಿಕಟ್ಟು ಬಾತಿತ್ತು. "ಆಣಿ ಮಾಡಿದ್ನಲ್ರಿ ಅಕ್ಕಾರ," ಎಂದಳು. ಅಷ್ಟೇ ಎಂದಳು. "ಇನ್ನೊಂದ್ಸಲ ಹೇಳ್ತೀನಿ, ಗಟ್ಟ್ಯಾಗಿ ಹೇಳ್ತೀನಿ. ಒಮ್ಮಿ ಠಾಣಾದಾಗ ಹೆಸರು ಬಿತ್ತಂದ್ರ ಮಂದಿ ಬಾಯಿ ಮುಚ್ಚಲ್ಲ. ಗಂಡ ಮತ್ತ ಮನ್ಯಾಗ ಇಟ್ಕೋತಾನೇನು?" ಎಂದೆ. ಎರಡನೆಯ ಸಲವೂ ವಿಭೂತಿ ಮುಟ್ಟಿಸಿದೆ. ಮೊದಲ ಸಲದ ಆಣೆ ಮುರಿದವನ ಕೈಗೆ ಅದೇ ಗಟ್ಟಿ ಹಿಡಿದೆನಲ್ಲ, ಭಕ್ತಿಗೆ ನಾನು ಮಾಡಿದ ಅಪಚಾರ ಅದು.

ಮೂರನೆಯ ಸಲ ಅವಳು ಕಿವಿಗೆ ಸೆರಗು ಒತ್ತಿ ಹಿಡಿದುಕೊಂಡು ಬಂದಳು. ಬಲಗಿವಿ. ಸೆರಗಿನಲ್ಲಿ ರಕ್ತ ಇತ್ತು. ಈ ಸಲ ಕುಂದ್ರಲಿಲ್ಲ, ನಿಂತೇ ಇದ್ದಳು. ಕೈಯಲ್ಲಿ ಗೆರೆ ಹಾಳೆ.

"ಅಕ್ಕಾರ, ಈ ಸಲ ವಿಭೂತಿ ಬ್ಯಾಡ್ರಿ. ಬರಕೊಂಡು ಬಂದೀನಿ. ಇದು ಸಾಹೇಬ್ರಿಗಿ ಕೊಡ್ರಿ."

ಓದಿದೆ. ಏಳನೆಯ ತರಗತಿ ಓದಿದವಳ ದುಂಡನೆಯ ಅಕ್ಷರ. ಸಾಹೇಬರಿಗೆ, ನನ್ನ ಗಂಡ ನನಗೆ ಹೊಡೆಯುತ್ತಾನೆ, ಇವತ್ತು ಕಿವಿಯ ಮೇಲೆ ಹೊಡೆದಿದ್ದಾನೆ, ಕೇಳಿಸುತ್ತಿಲ್ಲ, ನಾನು ಬರುತ್ತಿರುವುದು ಇದು ಮೂರನೆಯ ಸಲ, ಬರೆದುಕೊಳ್ಳಬೇಕು. ಕೆಳಗೆ ಸಹಿ.

"ಕೊಡ್ತೀನಿ. ನೀ ಮೊದಲ ದವಾಖಾನಿಗಿ ಹೋಗು."

"ಬರಕೊಂಡ್ರ ನಂಬರ್ ಕೊಡ್ತಾರಂತಲ್ರಿ?"

"ಕೊಡ್ತಾರ, ಕೊಡ್ತಾರ. ಹೋಗು."

ಮರುದಿನ ಮೀಟಿಂಗ್ ಇತ್ತು. ಮೂರು ದಿನದಿಂದ ಯಜಮಾನರು ಸರಿಯಾಗಿ ಉಂಡಿರಲಿಲ್ಲ. ಹಾಳೆಯನ್ನು ನಾನು ಬಚ್ಚಲ ಒಲೆಗೆ ಹಾಕಿದೆ. ನೀರು ಕಾಯಲು ಇಟ್ಟಿದ್ದ ಒಲೆ. ಒಂದು ಹಾಳೆ ಸುಡಲು ಎಷ್ಟು ಹೊತ್ತು ಬೇಕು? ಮಧ್ಯಾಹ್ನ ಊಟಕ್ಕೆ ಬಂದವರು, "ಆ ಹೊಲಿಯೋ ಹುಡುಗಿ ಬಂದಿದ್ಳಂತ?" ಎಂದು ಕೇಳಿದರು. ಪೇದೆ ಹೇಳಿರಬೇಕು.

"ಬಂದಿದ್ಳು. ಹೋದ್ಳು," ಎಂದೆ.

ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಶೇಂಗಾ ಹಿಂಡಿ ಚಟ್ನಿ ಕೇಳಿ ಹಾಕಿಸಿಕೊಂಡರು. ಅವರು ಹೊಟ್ಟೆ ತುಂಬ ಉಂಡರಲ್ಲ ಎಂದು ನನಗೆ ಸಮಾಧಾನವಾಯಿತು. ಮರುದಿನ ಪೂಜೆಯ ಹೊತ್ತಿಗೆ ನಾನು ಎಣಿಸಿದ ಉಪಕಾರವೊಂದನ್ನು ಇಲ್ಲಿ ಬರೆಯುತ್ತೇನೆ, ಬರೆಯದಿದ್ದರೆ ಉಳಿದದ್ದು ಬರೆದೂ ಫಲವಿಲ್ಲ. ಪೆಟ್ಟು ಕಿವಿಗೆ ಬಿತ್ತು, ಕಣ್ಣಿಗೆ ಬೀಳಲಿಲ್ಲ. ಹಾಗೆಂದು ಎಣಿಸಿದೆ.

ಎರಡು ದಿನ ಬಿಟ್ಟು ಅವಳು ಬಂದು ಕೇಳಿದಳು. "ನಂಬರ್ ಬಂತೇನ್ರಿ?"

"ಸಾಹೇಬ್ರು ನೋಡ್ಲಿಕತ್ತಾರ."

ಮತ್ತೆ ಕೇಳಲು ಬರಲಿಲ್ಲ. ಮುಂದಿನ ವರ್ಷ ನಮಗೆ ವರ್ಗವಾಯಿತು.

ಗ್ರಾಫಿನ ಆ ಭಾನುವಾರದ ನಂತರ ನನಗೆ ಪೂಜೆಯಲ್ಲಿ ಕೂರಲು ಆಗಲಿಲ್ಲ. ಕೈಯಲ್ಲಿ ಲಿಂಗ ಇದೆ, ಕಣ್ಣು ಮುಚ್ಚಿದರೆ ಆ ಕೆಳಗಿಳಿದ ಗೆರೆ. ಅದರಲ್ಲಿ ಎಷ್ಟು ಚುಕ್ಕಿ ನಾನು ತಿಂದೆ? ಮುಖಗಳನ್ನು ನೆನೆಯಲು ನೋಡಿದೆ. ಕೆಲವರ ಸೀರೆ ನೆನಪಿದೆ, ಕೆಲವರ ಪೆಟ್ಟು ನೆನಪಿದೆ, ಮುಖ ನೆನಪಿಲ್ಲ. ನೆನಪಿದ್ದವಳು ಇವಳೊಬ್ಬಳು. ಎರಡು ವಾರ ತಡೆದುಕೊಂಡೆ. ಆಮೇಲೆ, "ಬಂಧುಗಳ ಮನಿಗಿ ಹೋಗಿ ಬರ್ತೀನಿ," ಎಂದು ಯಜಮಾನರಿಗೆ ಹೇಳಿ ಆ ಊರಿನ ಬಸ್ಸು ಹತ್ತಿದೆ. ತಪ್ಪಾಯಿತು ಎಂದು ಹೇಳಿ ಬರುವುದು, ಎದೆ ಹಗುರ ಮಾಡಿಕೊಳ್ಳುವುದು, ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅದರಲ್ಲೂ ನನ್ನ ಲಾಭವೇ.

ಅವಳ ಮನೆಗೆ ಬೀಗ ಇತ್ತು. ಎದುರು ಮನೆಯ ಕಟ್ಟೆಯ ಮೇಲೆ ಮಷಿನ್ ಇಟ್ಟುಕೊಂಡು ಅವಳು ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. "ಬರ್ರಿ ಅಕ್ಕಾರ, ಕುಂದ್ರಿ. ಈ ಕಡಿ ಕುಂದ್ರಿ, ಆ ಕಿವಿ ಕೇಳಲ್ಲ," ಎಂದಳು.

ಎಡಕ್ಕೆ ಹೋಗಿ ಕುಂತೆ. ಸುತ್ತು ಬಳಸದೆ ಹೇಳಿದೆ. "ತಂಗಿ, ನೀ ಕೊಟ್ಟಿದ್ದ ಹಾಳಿ ನಾ ಸಾಹೇಬ್ರಿಗಿ ಕೊಡ್ಲಿಲ್ಲ. ಸುಟ್ಟೆ."

ಮಷಿನ್ನಿನ ಪೆಡಲ್ ಮೇಲಿದ್ದ ಕಾಲು ನಿಂತಿತು.

"ನೀವು ಸುಟ್ರಿ?"

"ಹ್ಞೂಂ."

"ನಾ ಸಾಹೇಬ್ರು ಹರದು ಒಗದಾರ ಅನ್ಕೊಂಡಿದ್ದೆ. ಇಷ್ಟು ವರ್ಷ ಅವರಿಗಿ ಶಾಪ ಹಾಕೀನಿ. ಎಲ್ಲಾ ದಂಡ ಆಯ್ತಲ್ರಿ." ಅವಳು ನಕ್ಕಳು. ಆ ನಗು ನನ್ನ ಜೊತೆ ನಕ್ಕದ್ದಲ್ಲ.

ಆಮೇಲೆ ಅವಳ ಸಂಗತಿ ತಿಳಿಯಿತು. ಗಂಡ ಮನೆಯಿಂದ ಹೊರಗೆ ಹಾಕಿ ಬೀಗ ಜಡಿದಿದ್ದ. ತಾನು ಆ ಮನೆಯಲ್ಲಿ ಇರಬೇಕು, ತನ್ನ ಮೈಮೇಲೆ ಅವನು ಕೈ ಮಾಡಬಾರದು ಎಂದು ಇವಳು ಕೋರ್ಟಿಗೆ ಹೋಗಿದ್ದಳು. ಅವನು ಹೇಳಿದ್ದು, ನಾನು ಒಂದು ದಿನವೂ ಕೈ ಎತ್ತಿಲ್ಲ, ತಾನೇ ಮನೆ ಬಿಟ್ಟು ಹೋಗಿದ್ದಾಳೆ, ಇಷ್ಟು ವರ್ಷ ಹೊಡೆದಿದ್ದರೆ ಠಾಣೆ ಹಿಂದಿನ ಓಣಿಯಲ್ಲೇ ಇದ್ದು ಒಂದು ದೂರನ್ನಾದರೂ ಯಾಕೆ ಕೊಡಲಿಲ್ಲ? ಅವಳ ವಕೀಲರು ಅರ್ಜಿ ಹಾಕಿ ಠಾಣೆಯಿಂದ ಉತ್ತರ ತರಿಸಿದ್ದರು. ಅವಳು ಬಟ್ಟೆಯ ಚೀಲದಿಂದ ಆ ಕಾಗದ ತೆಗೆದು ನನಗೆ ಕೊಟ್ಟಳು. ಸದರಿ ಹೆಸರಿನಲ್ಲಿ ಯಾವುದೇ ದೂರು ದಾಖಲಾಗಿರುವುದು ಕಂಡುಬಂದಿರುವುದಿಲ್ಲ. ಕೆಳಗೆ ಗುಂಡನೆಯ ಮುದ್ರೆ.

"ನಾ ಬಂದಿದ್ದೆ ಅಂತ ಒಬ್ಬರಾದ್ರೂ ಹೇಳ್ಬೇಕಂತ್ರಿ. ಪೇದೆ ಮಂದಿಗಿ ಕೇಳ್ದೆ, ನೆಪ್ಪಿಲ್ಲ ಅಂದ್ರು. ಇಲ್ಲಾಂದ್ರ ಆ ಬೀಗ ತೆಗ್ಯಲ್ಲ."

ನಾನು, "ತಪ್ಪಾಯ್ತು ತಂಗಿ," ಎಂದು ಶುರು ಮಾಡಿದೆ.

"ಅದು ಬ್ಯಾಡ್ರಿ. ಸಾಕ್ಷಿ ಹೇಳ್ತೀರೇನು, ಅದು ಹೇಳ್ರಿ."

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಹಾಳೆ ಸುಟ್ಟದ್ದು ಅವರಿಗೂ ಗೊತ್ತಿರಲಿಲ್ಲ.

"ಕೋರ್ಟಿನ್ಯಾಗ ನಿಂತು ನನ್ನ ಹೆಸರು ತಗೋತಿ?"

"ನಿಮ್ಮ ಹೆಸರ್ಯಾಕ? ಸುಟ್ಟಾಕಿ ನಾ."

"ರೈಟರ್ ಹೆಂಡ್ತಿ ಫಿರ್ಯಾದಿ ಸುಟ್ಟಾಳ ಅಂದ್ರ ಮಂದಿ ಯಾರಿಗಿ ಉಗುಳ್ತಾರ? ನಿನಗೇನು?" ಆಮೇಲೆ ದನಿ ತಗ್ಗಿಸಿ ಹೇಳಿದರು. "ನನ್ನ ಟೇಬಲ್ ತನಕ ಬಂದಿದ್ರ ನಾ ಬರೀತಿದ್ದೆ. ಬರಲೇ ಇಲ್ಲಲ್ಲ. ನಾ ಯಾರಿಗೂ ಇಲ್ಲ ಅಂದಿಲ್ಲ."

ಅದು ಖರೆ ಮಾತು. ಅವರು ಯಾರಿಗೂ ಇಲ್ಲ ಎನ್ನಬೇಕಾಗಿ ಬರಲಿಲ್ಲ. ಅವರ ಪರವಾಗಿ ಆ ಕೆಲಸ ನಾನು ಮಾಡುತ್ತಿದ್ದೆ, ಚಹಾ ಕೊಟ್ಟು, ತಲೆ ಸವರಿ. ಅದಕ್ಕೇ ಅವರ ಪುಸ್ತಕ ಸ್ವಚ್ಛ ಇತ್ತು. ಮೀಟಿಂಗಿನಲ್ಲಿ ಶಾಬಾಸ್ ಅನ್ನಿಸಿಕೊಂಡು ಬಂದ ದಿನ ಮೈಸೂರಪಾಕ ತಂದು ನನ್ನ ಕೈಗೇ ಯಾಕೆ ಮೊದಲು ಕೊಡುತ್ತಿದ್ದರು? ಅವರಿಗೂ ಗೊತ್ತಿತ್ತು. ಅದನ್ನು ಅವರ ಮುಖಕ್ಕೆ ಹೇಳಲಿಲ್ಲ.

"ಆಕಿ ಹೊರಗ ಕಟ್ಟಿ ಮ್ಯಾಲ ಕುಂತಾಳ್ರಿ," ಎಂದಷ್ಟೇ ಅಂದೆ.

"ನಿನ್ನ ಮನಸ್ಸು," ಎಂದರು. ಬೇಡ ಎನ್ನಲಿಲ್ಲ. ಬರುತ್ತೇನೆ ಎಂದೂ ಅನ್ನಲಿಲ್ಲ.

ಕೋರ್ಟಿಗೆ ತಂಗಿಯ ಮಗಳು ನನ್ನ ಜೊತೆ ಬಂದಳು. ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕುಂತಳು. ಸಿಮೆಂಟಿನ ದೂಳು ಹಿಡಿದ ಜಾಲಿ ಗಿಡಗಳು ಹಿಂದೆ ಸರಿಯುತ್ತಿದ್ದವು. "ನಾ ಠಾಣಾದಾಗ ಹುಡುಕ್ಲಿಕತ್ತಿದ್ದೆ ದೊಡ್ಡವ್ವ," ಎಂದಳು. ಅಷ್ಟು ಸಾಕಾಗಿತ್ತು ನನಗೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಜಡ್ಜ್ ಹೆಣ್ಣುಮಗಳು. ನನಗೆ ಮಗಳಾಗುವ ವಯಸ್ಸಿರಬಹುದು. ಗಂಡನ ಕಡೆಯ ವಕೀಲರು ನನ್ನ ಹಣೆಯ ವಿಭೂತಿ ನೋಡಿ ಕೈ ಮುಗಿದು ಶುರು ಮಾಡಿದರು.

"ತಾಯಿ, ನೀವು ಪೊಲೀಸ್ ಇಲಾಖ್ಯಾಗ ಇದ್ರೇನು?"

"ಇಲ್ರಿ. ಮನ್ಯಾಗ ಇರಾಕಿ."

"ಹಂಗಾದ್ರ ಇವರು ಠಾಣಾ ಬಿಟ್ಟು ನಿಮ್ಮ ಮನಿಗಿ ಯಾಕ ಬಂದ್ರು?"

"ಎಲ್ಲಾರೂ ನನ್ನ ಕಡಿನೇ ಬರ್ತಿದ್ರು."

ಹಿಂದೆ ಯಾರೋ ನಕ್ಕರು.

"ಯಾಕ್ರಿ? ನೀವೇನು ನ್ಯಾಯ ಕೊಡ್ತಿದ್ರಿ?"

"ಇಲ್ರಿ. ಚಹಾ ಕೊಡ್ತಿದ್ದೆ. ವಾಪಸ್ ಕಳಸ್ತಿದ್ದೆ."

"ಫಿರ್ಯಾದಿ ಕೊಟ್ರು ಅಂತೀರಿ. ಎಲ್ಲ್ಯದ ಅದು?"

"ಸುಟ್ಟೀನಿ."

ಈ ಸಲ ಯಾರೂ ನಗಲಿಲ್ಲ. ಜಡ್ಜ್ ಅಮ್ಮನವರು ವಕೀಲರಿಗೆ ಕೈ ತೋರಿಸಿ ನಿಲ್ಲಿಸಿ, "ಅದರಲ್ಲಿ ಏನು ಬರೆದಿತ್ತು, ನೆನಪಿದೆಯಾ?" ಎಂದು ಕೇಳಿದರು. ನೆನಪಿತ್ತು. ಹೇಳಿದೆ. ಬಲಗಿವಿ ಎಂದೆ. ಸೆರಗಿನಲ್ಲಿ ರಕ್ತ ಇತ್ತು ಎಂದೆ. ಮೂರು ಸಲ ಬಂದಿದ್ದಳು, ಗಂಡ ಎರಡು ಸಲ ನನ್ನ ಎದುರಿಗೇ ತಪ್ಪು ಒಪ್ಪಿಕೊಂಡು ಆಣೆ ಮಾಡಿದ್ದ ಎಂದೆ. ಬದಿಯಲ್ಲಿ ಕುಂತ ಹುಡುಗಿ ನಾನು ಹೇಳಿದ್ದನ್ನೆಲ್ಲ ಟೈಪ್ ಮಾಡುತ್ತಿದ್ದಳು. ಬರೆದುಕೊಳ್ಳಬೇಕು ಎಂದು ಅಂದು ಆ ಹೊಲಿಯುವವಳು ಹಾಳೆಯಲ್ಲಿ ಕೇಳಿದ್ದಳಲ್ಲ, ಅದು ಆಗ ಬರವಣಿಗೆಗೆ ಬಂತು. ಅವಳ ಗಂಡ ಗೋಡೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ಈಗಲೂ ನಯವಾದ ಮುಖ.

ವಕೀಲರು ಕೊನೆಯದಾಗಿ ಕೇಳಿದರು. "ಇವರಿಗಷ್ಟೇ ಹಂಗ ಮಾಡಿದ್ರೋ, ಮತ್ತ ಬ್ಯಾರೆಯವರಿಗೂ?" ನನ್ನನ್ನು ಸುಳ್ಳುಗಾರ್ತಿ ಎಂದು ತೋರಿಸಲು ಕೇಳಿದ್ದಿರಬೇಕು.

"ಭಾಳ ಮಂದಿಗಿ," ಎಂದೆ. "ಹೆಸರು ನೆಪ್ಪಿಲ್ರಿ."

ಹೊರಗೆ ಬೇವಿನ ಗಿಡದ ಕೆಳಗೆ ತಂಗಿಯ ಮಗಳನ್ನು ಕೇಳಿದೆ. ಈಗ ಬರೆದುಕೊಂಡರಲ್ಲ, ನಿನ್ನ ಗೆರೆಯಲ್ಲಿ ಆ ವರ್ಷಕ್ಕೆ ಒಂದು ಚುಕ್ಕಿ ಏರಿಸಲು ಬರುತ್ತದೇನು? "ಇಲ್ಲ ದೊಡ್ಡವ್ವ. ಆ ಪುಸ್ತಕ ಮುಗದದ. ಆ ವರ್ಷ ಇನ್ನ ಹಂಗೇ ಇರ್ತದ," ಎಂದಳು. ಊರಿನಲ್ಲಿ ಹೆಂಗಸರು ಸುಖವಾಗಿದ್ದರು ಎಂದು ಆ ಗ್ರಾಫ್ ನೋಡಿದ ಯಾರಾದರೂ ತಿಳಿದುಕೊಳ್ಳುತ್ತಾರೆ. ದೇಶದ ದೊಡ್ಡ ಲೆಕ್ಕದ ಒಳಗೂ ನನ್ನ ಸುಳ್ಳು ಸೇರಿಕೊಂಡಿದೆ. ಇನ್ನೆಷ್ಟು ಊರುಗಳಲ್ಲಿ ಇನ್ನೆಷ್ಟು ಅಡುಗೆಮನೆಗಳು ಇವೆಯೋ ನಾನು ಕಾಣೆ. ನನ್ನದು ನನಗೆ ಗೊತ್ತು.

ಯಜಮಾನರು ಅಂದು ಮನೆಯಲ್ಲಿ ತಾವೇ ಅನ್ನ ಮಾಡಿಟ್ಟಿದ್ದರು. ಅನ್ನ ಮುದ್ದೆಯಾಗಿತ್ತು, ಇಬ್ಬರೂ ಉಂಡೆವು. ಬೇರೆ ಗಂಡಸಾಗಿದ್ದರೆ ಬಾಗಿಲು ಹಾಕುತ್ತಿದ್ದ. ಅದು ನನಗೆ ಸಿಕ್ಕ ಉಪಕಾರ, ಆದರೆ ಎಣಿಸಲು ಮನಸ್ಸಾಗಲಿಲ್ಲ.

ಮೂರು ತಿಂಗಳ ಮೇಲೆ ಒಂದು ಮುಂಜಾನೆ ಆ ಹೊಲಿಯುವವಳೇ ಫೋನ್ ಮಾಡಿದಳು. ಕೋರ್ಟಿನ ಆದೇಶ ಬಂದಿತ್ತು. ಬೀಗ ತೆಗೆಸಿದ್ದರು. ಮುಂದಿನ ಕೋಣೆ, ಅಡುಗೆಮನೆ, ಬಚ್ಚಲು ಅವಳಿಗೆ. ಅವನು ಅವಳ ಮೈ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಠಾಣೆಯವರು ಕೇಸು ಬರೆದುಕೊಳ್ಳಲೇಬೇಕು. ಆದೇಶದ ಒಂದು ಪ್ರತಿ ಠಾಣೆಗೂ ಹೋಗಿದೆಯಂತೆ. ತಾನೇ ಕೈಯಾರೆ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದೆ ಎಂದಳು.

"ಶಿವ ದೊಡ್ಡಾಂವ," ಎಂದೆ. ನನಗೆ ತಡೆಯಲಾಗಲಿಲ್ಲ. "ತಂಗಿ, ನನ್ನಿಂದ ಭಾಳ ತಪ್ಪಾಯ್ತು..."

"ಅಕ್ಕಾರ, ಹಂಗನಬ್ಯಾಡ್ರಿ," ಎಂದು ತಡೆದಳು. "ನೀವು ತಪ್ಪಾಯ್ತು ಅಂದ್ರ, ನಾ ಇರ್ಲಿ ಬಿಡ್ರಿ ಅನಬೇಕಾಗ್ತದ. ನನಗ ಇನ್ನಾ ಅನ್ಲಿಕ್ಕಿ ಬರವಲ್ದು."

"ಹ್ಞೂಂ," ಎಂದೆ.

ಆ ಕಡೆ ಯಾರೋ ಗಿರಾಕಿ ಬಂದ ಸದ್ದಾಯಿತು. "ಕುಂದ್ರವ್ವ, ಬಂದೆ," ಎಂದು ಅವಳು ಅವರಿಗೆ ಹೇಳಿದ್ದು ಕೇಳಿಸಿತು. ಆಮೇಲೆ ನನಗೆ, "ನಾಷ್ಟಾ ಆಯ್ತೇನ್ರಿ?" ಎಂದಳು.

"ಆಯ್ತು. ನಿಂದು?"

"ಆಯ್ತ್ರಿ. ಇಡ್ತೀನ್ರಿ ಹಂಗಾದ್ರ."

ಅವಳೇ ಮೊದಲು ಫೋನ್ ಇಟ್ಟಳು.